ಬೆಳೆ ಬಂತು, ದುಡ್ಡು ಬರಲಿಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ‘ಫ್ಯೂಟೈಲ್’ ಅನ್ನಬಹುದಾ?

ಮುಳಬಾಗಿಲು ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಿ.ಎ. ಮುಗಿಸಿದ್ದೇನೆ. ಎಂ.ಎ.ಗೆ ಸ್ಕಾಲರ್‌ಶಿಪ್ ಅರ್ಜಿ ಹಾಕುತ್ತಿದ್ದೇನೆ. ಮನೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಬೇಕಂತೆ. ನಾನು ನಮ್ಮ ಟೊಮೆಟೊ ತೋಟದ ಬಗ್ಗೆ ಬರೆದೆ.

ನಡೆದದ್ದು ಇಷ್ಟು. ಅಪ್ಪ ಸಾಲ ಮಾಡಿ ಸಸಿ ತಂದರು. ನಾಟಿ ಮಾಡಿ, ಕಡ್ಡಿ ನೆಟ್ಟು, ಗಿಡ ಎತ್ತರ ಬಂದ ಹಾಗೆ ದಾರ ಕಟ್ಟಿದರು. ಕರೆಂಟು ರಾತ್ರಿ ಬಂದರೆ ರಾತ್ರಿಯೇ ಎದ್ದು ಮೋಟರ್ ಹಾಕಿ ಬರುತ್ತಿದ್ದರು. ಗಿಡ ಚೆನ್ನಾಗಿ ಬಂತು, ಕಾಯಿನೂ ಚೆನ್ನಾಗಿ ಹಿಡಿಯಿತು. ಆದರೆ ಎಲ್ಲರ ತೋಟದಲ್ಲೂ ಒಂದೇ ಸಲ ಹಣ್ಣು ಬಂತು. ಮಂಡಿಯಲ್ಲಿ ಕೂಗಿದ ರೇಟು ಬಿಡಿಸಿದ ಕೂಲಿಗೂ ಟೆಂಪೋ ಬಾಡಿಗೆಗೂ ಸಾಲಲಿಲ್ಲ. ಕೊನೆಗೆ ಹಣ್ಣನ್ನು ಗಿಡದಲ್ಲೇ ಬಿಟ್ಟು, ಊರಿನವರ ಕುರಿ ಮೇಯಲಿ ಅಂದರು.

ನಾನು ಬರೆದ ವಾಕ್ಯ: ‘ಮೈ ಫಾದರ್ಸ್ ಎಫರ್ಟ್ ವಾಸ್ ಫ್ಯೂಟೈಲ್.’ ಗೆಳತಿ ‘ಫ್ರೂಟ್‌ಲೆಸ್’ ಹಾಕು ಅಂತಾಳೆ. ಇನ್ನೊಬ್ಬರು ‘ಥ್ಯಾಂಕ್‌ಲೆಸ್’ ಅಂದರು. ನಿಘಂಟು ನೋಡಿದರೆ ಸುಮಾರು ಎಲ್ಲದಕ್ಕೂ ವ್ಯರ್ಥ, ನಿಷ್ಫಲ ಅಂತಲೇ ಇದೆ. ಅಪ್ಪ ಮಾಡಿದ್ದು ದಡ್ಡ ಕೆಲಸ ಅನ್ನುವ ಅರ್ಥ ಬರಬಾರದು. ಅದೊಂದೇ ನನ್ನ ಚಿಂತೆ. ಯಾವ ಪದ ಹಾಕಲಿ?

ಸುಮ್ನೆ ಓದುಗ

ಫ್ಯೂಟೈಲ್ ಸರಿಯಾಗಿದೆ. ಪರೀಕ್ಷೆಗೆ ನಾವೂ ಹಾಗೇ ಕಲಿತದ್ದು. ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ನಿವೃತ್ತ ಇಂಗ್ಲಿಷ್ ಮೇಷ್ಟ್ರು

ತಲೆ ಕೆಡಿಸಿಕೊಂಡದ್ದು ಒಳ್ಳೆಯದೇ ಆಯಿತಮ್ಮ. ಆ ಪದ ಬೇಡ.

ಈ ಪದಗಳೆಲ್ಲ ‘ಏನೂ ಸಿಗಲಿಲ್ಲ’ ಅನ್ನುತ್ತವೆ, ನಿಜ. ಆದರೆ ತಪ್ಪು ಎಲ್ಲಿತ್ತು ಅನ್ನುವುದನ್ನು ಒಂದೊಂದೂ ಒಂದೊಂದು ಕಡೆ ತೋರಿಸುತ್ತದೆ. ನೀನು ನೋಡಬೇಕಾದದ್ದು ಅದನ್ನು.

ಫ್ಯೂಟೈಲ್ ತೋರಿಸುವುದು ಮಾಡಿದ ಕೆಲಸವನ್ನೇ. ಲ್ಯಾಟಿನ್ನಿನಲ್ಲಿ ಇದರ ಮೂಲಪದಕ್ಕೆ ಸೋರುವುದು, ಚೆಲ್ಲಿಹೋಗುವುದು ಅನ್ನುವ ಅರ್ಥ ಇತ್ತು. ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಯಾರದಾದರೂ ಪ್ರಯತ್ನ ಫ್ಯೂಟೈಲ್ ಅಂದರೆ, ಅದು ಮೊದಲಿನಿಂದಲೂ ಆಗುವ ಮಾತಾಗಿರಲಿಲ್ಲ, ಮಾಡಿದವನಿಗೆ ಅದು ತಿಳಿಯಬೇಕಿತ್ತು ಅನ್ನುವ ಧ್ವನಿ ಬರುತ್ತದೆ. ನೀನು ಹೆದರಿದ್ದು ಇದಕ್ಕೇ ಅಲ್ವಾ? ನಿಮ್ಮ ತಂದೆಯ ಕೊಡದಲ್ಲಿ ತೂತು ಇರಲಿಲ್ಲ.

ಫ್ರೂಟ್‌ಲೆಸ್ ಅಷ್ಟು ಕಟುವಲ್ಲ. ಹುಡುಕಿದರು, ಸಿಗಲಿಲ್ಲ, ಮಾತುಕತೆ ಆಡಿದರು, ಒಪ್ಪಂದ ಆಗಲಿಲ್ಲ. ಅಂಥ ಕಡೆ ಚೆನ್ನಾಗಿ ಕೂರುತ್ತದೆ. ಸರ್ಚ್, ಟಾಕ್ಸ್, ಅಟೆಂಪ್ಟ್ ಇವುಗಳ ಜೊತೆ ನೀನೂ ಓದಿರುತ್ತೀಯ. ಆದರೆ ಗಿಡದ ತುಂಬ ಹಣ್ಣು ಬಿಟ್ಟ ತೋಟದ ಪಕ್ಕ ಈ ಪದ ಇಟ್ಟರೆ, ಓದುವವರು ಬೆಳೆಯೇ ಬರಲಿಲ್ಲ ಅಂದುಕೊಳ್ಳುತ್ತಾರೆ. ನಡೆದದ್ದು ಪೂರ್ತಿ ಬದಲಾಗಿಬಿಡುತ್ತದೆ.

ಥ್ಯಾಂಕ್‌ಲೆಸ್ ಅಂದರೆ ಯಾರೂ ಗುರುತಿಸದ, ಯಾರೂ ಒಳ್ಳೆಯ ಮಾತು ಆಡದ ಕೆಲಸ. ಅಲ್ಲಿ ದುಡ್ಡಿನ ಲೆಕ್ಕ ಇಲ್ಲ. ಒಳ್ಳೆ ಸಂಬಳ ಇರುವ ಕೆಲಸವೂ ಥ್ಯಾಂಕ್‌ಲೆಸ್ ಆಗಬಹುದು. ಮನುಷ್ಯರಿಗೆ ಹಾಕಿದರಂತೂ ಅರ್ಥವೇ ಬೇರೆ. ಷೇಕ್ಸ್‌ಪಿಯರ್‌ನ ಕಿಂಗ್ ಲಿಯರ್ ತನ್ನ ಮಗಳ ಮೇಲೆ ಸಿಟ್ಟಾಗಿ ‘ಥ್ಯಾಂಕ್‌ಲೆಸ್ ಚೈಲ್ಡ್’ ಅನ್ನುತ್ತಾನೆ. ಅಲ್ಲಿ ಅದು ಉಪಕಾರ ಮರೆತವಳು ಅಂತ. ‘ವೇನ್’ ಕೂಡ ಹೀಗೆಯೇ. ‘ವೇನ್ ಅಟೆಂಪ್ಟ್’ ಅಂದರೆ ಫಲ ಕೊಡದ ಯತ್ನ. ಮನುಷ್ಯನನ್ನು ವೇನ್ ಅಂದರೆ ಜಂಬದವನು.

ಯಾರಾದರೂ ‘ಬೂಟ್‌ಲೆಸ್’ ಅಂತ ಹೇಳಿಕೊಟ್ಟರೆ ಕೇಳಿಸಿಕೊಂಡು ಬಿಟ್ಟುಬಿಡು. ಕಾಲಿಗೆ ಹಾಕುವ ಬೂಟಿಗೂ ಅದಕ್ಕೂ ಸಂಬಂಧ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಬೂಟ್’ ಅನ್ನುವ ಬೇರೆ ಶಬ್ದಕ್ಕೆ ಲಾಭ, ಪರಿಹಾರ ಅನ್ನುವ ಅರ್ಥ ಇತ್ತು, ಅದಿಲ್ಲದ್ದು ಬೂಟ್‌ಲೆಸ್. ಈಗ ಅರ್ಜಿಯಲ್ಲಿ ಬರೆಯುವ ಪದ ಅಲ್ಲ.

ನಾನಾದರೆ ‘ಅನ್‌ರಿವಾರ್ಡೆಡ್’ ಬರೆಯುತ್ತೇನೆ. ಕೆಲಸ ಸರಿಯಾಗಿಯೇ ಆಯಿತು, ಸಿಗಬೇಕಾದದ್ದು ಸಿಗಲಿಲ್ಲ ಅನ್ನುತ್ತದೆ ಅದು. ‘ಅನ್‌ರಿವಾರ್ಡಿಂಗ್’ ಮಾತ್ರ ಬೇಡ. ಮಾಡುವವನಿಗೆ ಆ ಕೆಲಸದಲ್ಲಿ ತೃಪ್ತಿಯೇ ಇಲ್ಲ ಅಂತಾಗುತ್ತದೆ. ರಾತ್ರಿ ಎದ್ದು ಮೋಟರ್ ಹಾಕಿ ಬರುವವರ ಬಗ್ಗೆ ಆ ಮಾತು ಹೇಳಬಾರದು.

ಮಂಡಿ ಲೆಕ್ಕ

ಮೇಷ್ಟ್ರು ಹೇಳಿದ್ದು ಸರಿ. ನನಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ, ಟೊಮೆಟೊ ಲೆಕ್ಕ ಬರುತ್ತೆ. ಕೋಲಾರದಲ್ಲಿ 15 ಕೆ.ಜಿ. ಬಾಕ್ಸಿಗೆ 2023ರ ಜುಲೈನಲ್ಲಿ ಎರಡು ಸಾವಿರ ರೂಪಾಯಿಗಿಂತ ಜಾಸ್ತಿ ಸಿಕ್ಕಿತು. ಸೆಪ್ಟೆಂಬರ್ ಹೊತ್ತಿಗೆ ರೇಟು ಬಿದ್ದುಹೋಯಿತು. ಅದೇ ನೆಲ, ಅದೇ ಗಿಡ, ಅದೇ ಕೆಲಸ. ಜುಲೈನಲ್ಲಿ ಮಾರಿದವನನ್ನು ಜಾಣ, ಸೆಪ್ಟೆಂಬರಿನಲ್ಲಿ ಮಾರಿದವನನ್ನು ದಡ್ಡ ಅನ್ನೋಕೆ ಆಗುತ್ತಾ? ರೇಟು ಏರಿದಾಗ ಎಲ್ಲರೂ ನಾಟಿ ಮಾಡ್ತಾರೆ. ಎರಡು ಎರಡೂವರೆ ತಿಂಗಳಿಗೆ ಎಲ್ಲರದ್ದೂ ಒಟ್ಟಿಗೆ ಕೊಯ್ಲಿಗೆ ಬರುತ್ತೆ. ಹಣ್ಣಾದ ಮೇಲೆ ಇಟ್ಟುಕೊಂಡು ಕಾಯೋಕೆ ಆಗಲ್ಲ. ರಾಗಿಗೆ, ಭತ್ತಕ್ಕೆ ಇರುವ ಬೆಂಬಲ ಬೆಲೆ ಟೊಮೆಟೊಗೆ ಇಲ್ಲ. 2018ರ ಕೇಂದ್ರ ಬಜೆಟ್ಟಿನಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗೆ ಅಂತ 500 ಕೋಟಿಯ ‘ಆಪರೇಷನ್ ಗ್ರೀನ್ಸ್’ ಘೋಷಣೆ ಮಾಡಿದ್ದು ಈ ಏರಿಳಿತಕ್ಕೇ.

ನಮ್ಮ ರೈತ ಸಂಘಟನೆಗಳ ಮನವಿಗಳಲ್ಲಿ, ಸರ್ಕಾರದ ಕಾಗದಗಳಲ್ಲಿ ‘ರೆಮ್ಯುನರೇಟಿವ್ ಪ್ರೈಸ್’ ಅಂತ ಬರುತ್ತೆ, ಖರ್ಚು ಕಳೆದು ಕೈಗೆ ಏನಾದರೂ ಉಳಿಯುವ ಬೆಲೆ. ನಿಮಗೆ ಸಿಕ್ಕಿದ್ದು ಅದರ ಉಲ್ಟಾ. ‘ಅನ್‌ರೆಮ್ಯುನರೇಟಿವ್’ ಅಂತ ಬೆಲೆಗೆ ಹಾಕಿ. ಅಪ್ಪನ ಕೆಲಸಕ್ಕೆ ಯಾವ ಬಿರುದೂ ಬೇಡ.

ಅನುವಾದಕಿ

ಇನ್ನೊಂದು ಮಾತು ಹೇಳಲಾ, ತಂಗಿ? ‘ಮೈ ಫಾದರ್ಸ್ ಎಫರ್ಟ್’ ಅಂತ ಬರೆದಿದ್ದೀಯ. ದಾರ ಕಟ್ಟುವಾಗ, ಹಣ್ಣು ಬಿಡಿಸಿ ವಿಂಗಡಿಸುವಾಗ ಅಮ್ಮ ಇರಲಿಲ್ಲವಾ? ಟೊಮೆಟೊ ಮಾರಿ ದುಡ್ಡು ಬಂದ ವರ್ಷವೂ ಅಮ್ಮನ ಹೆಸರಿಗೆ ಕೂಲಿ ಬರೆದಿರುವುದಿಲ್ಲ.

ಆ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಅನ್‌ಪೇಯ್ಡ್’ ಅಂತ ನೇರವಾಗಿ ಹೇಳುತ್ತಾರೆ. ಫಲ ಬಂತೋ ಇಲ್ಲವೋ ಅಂತ ಅದು ತೀರ್ಪು ಕೊಡುವುದಿಲ್ಲ. ದುಡ್ಡು ಕೊಡಲಿಲ್ಲ, ಅಷ್ಟೇ. 2019ರಲ್ಲಿ ಕೇಂದ್ರ ಸರ್ಕಾರ ಮಾಡಿದ ಸಮಯ ಬಳಕೆ ಸಮೀಕ್ಷೆಯಲ್ಲಿಯೂ ಇದೇ ಪದ. ಮನೆಯ ಸಂಬಳವಿಲ್ಲದ ಕೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅಡಿಗೆ, ಪಾತ್ರೆ, ಬಟ್ಟೆ ಇದರಲ್ಲಿ ಬರುತ್ತವೆ. ತೋಟದ ಕೆಲಸ ಈ ಲೆಕ್ಕಕ್ಕೆ ಸೇರಿಲ್ಲ.

ನಾನು ಆರೋಗ್ಯ ಇಲಾಖೆಯ ವಿಷಯದ ವರದಿಗಳನ್ನು ಅನುವಾದ ಮಾಡುತ್ತೇನೆ. ಆಶಾ ಕಾರ್ಯಕರ್ತೆಯರ ಕೆಲಸ ‘ಥ್ಯಾಂಕ್‌ಲೆಸ್’ ಅಂತ ಬಹಳ ಜನ ಬರೆಯುತ್ತಾರೆ. ನನಗೆ ಒಪ್ಪಿಗೆ ಇಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಅವರಿಗೆ ಪ್ರಶಸ್ತಿ ಕೊಟ್ಟಿತು. ಹೊಗಳಿಕೆಗೆ ಕೊರತೆ ಇಲ್ಲ. ಅವರು ಬೀದಿಗಿಳಿದು ಕೇಳುತ್ತಿರುವುದು ಗೌರವಧನ ಹೆಚ್ಚಿಸಿ ಅಂತ. ಅಲ್ಲಿ ಬೇಕಾದ ಪದ ‘ಅಂಡರ್‌ಪೇಯ್ಡ್’. ಥ್ಯಾಂಕ್‌ಲೆಸ್ ಅಂತ ಬರೆದರೆ ಒಂದು ಸನ್ಮಾನ ಮಾಡಿ ಮುಗಿಸಬಹುದು ಅನ್ನಿಸಿಬಿಡುತ್ತದೆ.

ಮುಳಬಾಗಿಲು ಹುಡುಗಿ

ಅಕ್ಕ, ಅಮ್ಮ ಇದ್ದರು. ಬಿಡಿಸುವ ಆಳುಗಳ ಜೊತೆ ಬೆಳಿಗ್ಗೆಯಿಂದ ತೋಟದಲ್ಲೇ ಇರುತ್ತಿದ್ದರು. ಸೇರಿಸಿದ್ದೇನೆ.

ಈಗ ಹೀಗಿದೆ: ‘ಮೈ ಪೇರೆಂಟ್ಸ್ ಗ್ರೂ ಎ ಗುಡ್ ಕ್ರಾಪ್. ದ ಪ್ರೈಸ್ ವಾಸ್ ಅನ್‌ರೆಮ್ಯುನರೇಟಿವ್, ಅಂಡ್ ದೇರ್ ವರ್ಕ್ ವೆಂಟ್ ಅನ್‌ರಿವಾರ್ಡೆಡ್.’ ಮೇಷ್ಟ್ರೇ, ನೋಡಿ ಹೇಳ್ತೀರಾ?

ನಿವೃತ್ತ ಇಂಗ್ಲಿಷ್ ಮೇಷ್ಟ್ರು

ಮೊದಲ ವಾಕ್ಯವನ್ನು ಮುಟ್ಟಬೇಡ. ಎರಡನೆಯದರಲ್ಲಿ ಎರಡು ದೊಡ್ಡ ಪದ ಅಕ್ಕಪಕ್ಕ ಬಂದಿವೆ, ಒಂದು ಸಾಕು. ಅರ್ಜಿ ಓದುವವರಿಗೆ ಮಂಡಿ ಗೊತ್ತಿರುವುದಿಲ್ಲ. ಹಾಗಾಗಿ ಬೆಲೆಯನ್ನು ಬಿಡಿಸಿ ಹೇಳು: ‘ದ ಪ್ರೈಸ್ ಡಿಡ್ ನಾಟ್ ಕವರ್ ದ ಪಿಕಿಂಗ್ ಅಂಡ್ ದ ಟ್ರಾನ್ಸ್‌ಪೋರ್ಟ್.’ ಆಮೇಲೆ ‘ದೇರ್ ವರ್ಕ್ ವೆಂಟ್ ಅನ್‌ರಿವಾರ್ಡೆಡ್.’ ಮಂಡಿಯವರು ಹೇಳಿದ ಪದವನ್ನು ಮುಂದೆ ಕೃಷಿ ಬೆಲೆಯ ಬಗ್ಗೆ ಬರೆಯುವಾಗ ಬಳಸು, ಅಲ್ಲಿ ಅದಕ್ಕಿಂತ ಸರಿಯಾದ ಪದ ಇಲ್ಲ. ಸ್ಪೆಲ್ಲಿಂಗಿನಲ್ಲಿ ‘ಆರ್‌ಇ’ ಆದ ಮೇಲೆ ಮೊದಲು ‘ಎಂ’, ಆಮೇಲೆ ‘ಎನ್’. ತಿರುಗಿಸಿ ಬರೆಯುವವರು ಬಹಳ.