ಹಳೆ ಫ್ರೆಂಚ್ ಹೂ-ಹಣ್ಣಿನ ತೈಲಚಿತ್ರ: ಎಲೆ ಯಾಕೆ ನೀಲಿ? ತೊಳೆಸಬಹುದಾ?

ಹೂಬುಟ್ಟಿ:
ಕೆಲಸದ ಮೇಲೆ ಫ್ರಾನ್ಸಿನ ಲಿಯೋಂನಲ್ಲಿದ್ದೇನೆ. ಇಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಒಂದು ತೈಲಚಿತ್ರ ಕೊಂಡೆ. ಅಳತೆ 61 × 50 ಸೆಂ.ಮೀ. ಕಲ್ಲಿನ ಕಟ್ಟೆಯ ಮೇಲೆ ಹೂದಾನಿ, ಅದರಲ್ಲಿ ಪಿಯೋನಿ ಮತ್ತು ಗುಲಾಬಿ. ಕೆಳಗೆ ಕಪ್ಪು ದ್ರಾಕ್ಷಿ, ಎರಡು ಪೀಚ್. ದಳಗಳ ಮೇಲೆ ಇಬ್ಬನಿ ಹನಿ ಕೂಡ ಬರೆದಿದ್ದಾರೆ. ಸಹಿ ಇಲ್ಲ. ಹಿಂದಿನ ಮರದ ಪಟ್ಟಿಯ ಮೇಲೆ '12' ಅಂತ ಅಚ್ಚಿದೆ. ಮಾರಿದವರು ಬಿಲ್ಲಿನಲ್ಲಿ 'ಫಾಂತಾಂ-ಲಾತೂರ್ ಶೈಲಿ' ಅಂತ ಬರೆದುಕೊಟ್ಟರು (ಹೂವಿನ ಚಿತ್ರಗಳಿಗೆ ಹೆಸರಾದ ಫ್ರೆಂಚ್ ಚಿತ್ರಕಾರ).

ಮೂರು ಅನುಮಾನ. ಪಿಯೋನಿ ಅರಳೋದು ಮೇ-ಜೂನ್‌ನಲ್ಲಿ, ದ್ರಾಕ್ಷಿ ಹಣ್ಣಾಗೋದು ಸೆಪ್ಟೆಂಬರ್ ಹೊತ್ತಿಗೆ. ಎರಡೂ ಒಟ್ಟಿಗಿದ್ದರೆ ಇದು ನಕಲಾ? ಎರಡು, ಬಿಳಿ ಹೂವೆಲ್ಲ ಹಳದಿ ತಿರುಗಿದೆ, ಆದರೆ ಕೆಲವು ಎಲೆ ಮಾತ್ರ ನೀಲಿ. ಯಾಕೆ? ಕೊನೆಯದು, ಆಲೂಗಡ್ಡೆ ಹೋಳಿನಿಂದ ಉಜ್ಜಿದರೆ ಹೊಳಪು ಬರುತ್ತೆ ಅಂತಾರೆ. ನಿಜವಾ?

ಸುಮ್ನೆ_ಓದುವವ:
ಆಲೂಗಡ್ಡೆ ಅಲ್ಲ, ಈರುಳ್ಳಿ ಅಂತ ಕೇಳಿದ್ದೆ. ತಿಳಿದವರು ಹೇಳಲಿ, ನಾನೂ ಕಾಯ್ತಿದ್ದೇನೆ.

ಹತ್ತಿಕಡ್ಡಿ:
ಎರಡೂ ಬೇಡ! ಚಿತ್ರಗಳ ದುರಸ್ತಿಯೇ ನನ್ನ ಕಸುಬು. ತರಕಾರಿ ರಸದ ನೀರು ಬಣ್ಣದ ಬಿರುಕಿನೊಳಗೆ ಇಳಿಯುತ್ತದೆ. ಕ್ಯಾನ್ವಾಸಿಗೆ ಬಳಿದ ಅಂಟು ಉಬ್ಬುತ್ತದೆ, ಮೇಲಿನ ಬಣ್ಣ ಚಕ್ಕೆ ಏಳುತ್ತದೆ. ಪಿಷ್ಟ ಅಲ್ಲೇ ಉಳಿದರೆ ಬೂಸ್ಟಿಗೆ ಊಟ. (ಮೇಲಿನ ಕೊಳೆ ತೆಗೆಯಲು ನಾವು ಎಷ್ಟೋ ಸಲ ಹತ್ತಿಕಡ್ಡಿಗೆ ನಮ್ಮದೇ ಎಂಜಲು ಹಚ್ಚುತ್ತೇವೆ. ನಗಬೇಡಿ, ಅದರ ಕಿಣ್ವಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಎಲ್ಲಿ ಬಣ್ಣ ಸಡಿಲವಾಗಿದೆ ಅಂತ ಗೊತ್ತಿಲ್ಲದೆ ನೀವು ಮಾಡಬೇಡಿ.)

ನೀಲಿ ಎಲೆಯ ವಿಷಯವೇ ಮುಖ್ಯ. ಹಳೆ ಚಿತ್ರಕಾರರು ಹಸಿರಿಗೆ ನೀಲಿ ಜೊತೆ ಹಳದಿ ಬೆರೆಸುತ್ತಿದ್ದರು, ಇಲ್ಲವೇ ನೀಲಿಯ ಮೇಲೆ ಗಿಡಗಳಿಂದ ತೆಗೆದ ಹಳದಿ ಬಣ್ಣವನ್ನು ತೆಳುವಾಗಿ ಎಳೆಯುತ್ತಿದ್ದರು. ಆ ಹಳದಿ ಬೆಳಕಿಗೆ ಮಾಸಿಹೋಗುತ್ತದೆ, ನೀಲಿ ಉಳಿಯುತ್ತದೆ. ಬಿಳಿ ಹೂವು ಹಳದಿಯಾಗಿರೋದು ಬೇರೆ ಕಾರಣಕ್ಕೆ. ಅದು ಮೇಲೆ ಬಳಿದ ವಾರ್ನಿಷ್‌ಗೆ ವಯಸ್ಸಾದದ್ದು. ಈಗ ಯೋಚಿಸಿ: ಹಳದಿ ವಾರ್ನಿಷ್ ಮೇಲಿದ್ದೂ ಎಲೆ ನೀಲಿ ಕಾಣ್ತಿದೆ. ವಾರ್ನಿಷ್ ತೆಗೆಸಿದರೆ ಹೂವು ಬೆಳ್ಳಗಾಗುತ್ತೆ, ಎಲೆ ಇನ್ನೂ ನೀಲಿಯಾಗುತ್ತೆ! ಹೋದ ಹಳದಿ ಯಾವ ದ್ರಾವಣದಿಂದಲೂ ವಾಪಸ್ ಬರೋದಿಲ್ಲ. ಹಾಗಾಗಿ ಪೂರ್ತಿ ತೊಳೆಸುವ ಆತುರ ಬೇಡ. ವಾರ್ನಿಷ್ ತೆಳುವಾಗಿಸಿ ಸ್ವಲ್ಪ ಬಿಡೋದೂ ಒಂದು ದಾರಿ.

ಋತುಗಳ ಗೊಂದಲದಿಂದ ಏನೂ ಸಾಬೀತಾಗೋದಿಲ್ಲ. ಹೂವು ಸಿಕ್ಕಾಗ ಬಿಡಿಬಿಡಿಯಾಗಿ ಬರೆದಿಟ್ಟುಕೊಂಡು ಆಮೇಲೆ ಒಂದೇ ಚಿತ್ರದಲ್ಲಿ ಜೋಡಿಸುವುದು ಮಾಮೂಲಿಯಾಗಿತ್ತು.

ಹಿಂದಿನ '12' ಕ್ಯಾನ್ವಾಸಿನ ಅಳತೆಯ ನಂಬರ್. ಫ್ರಾನ್ಸಿನಲ್ಲಿ ಸಿದ್ಧ ಕ್ಯಾನ್ವಾಸುಗಳು ಗೊತ್ತಾದ ಅಳತೆಗಳಲ್ಲಿ ಬರುತ್ತಿದ್ದವು. ಅದರಲ್ಲಿ 'ಫಿಗರ್' (ಆಳಿನ ಚಿತ್ರಕ್ಕೆಂದು ಮಾಡಿದ ಅಳತೆ) 12 ಅಂದರೆ ಸರಿಯಾಗಿ 61 × 50. ಬಟ್ಟೆಯ ಹಿಂದೆ ಬಣ್ಣದಂಗಡಿಯ ಮುದ್ರೆ ಇದೆಯಾ ನೋಡಿ. ಅಂಗಡಿಯ ವಿಳಾಸ ಸಿಕ್ಕರೆ ಕಾಲ ಹಿಡಿಯೋದು ಸುಲಭ.

ಫಾಂತಾಂ-ಲಾತೂರ್ (1836–1904) ಅನ್ನೋದನ್ನು ನಾನು ಒಪ್ಪೋದಿಲ್ಲ. ಅವರ ಹಿನ್ನೆಲೆ ಸಾದಾ ಬೂದು-ಕಂದು, ಕುಂಚದ ಗುರುತು ಎದ್ದು ಕಾಣುತ್ತದೆ. ಇಬ್ಬನಿ ಹನಿ, ಕಲ್ಲಿನ ಕಟ್ಟೆ, ನುಣುಪು ಕೆಲಸ ಅಂದರೆ ನನಗೆ ನೀವಿರುವ ಊರೇ ನೆನಪಾಗೋದು. ಲಿಯೋಂನ ಕಲಾಶಾಲೆ 1807ರಲ್ಲಿ ಶುರುವಾಯಿತು. ರೇಷ್ಮೆ ಬಟ್ಟೆಗೆ ವಿನ್ಯಾಸ ಬರೆಯುವವರು ಬೇಕಿತ್ತು, ಅದಕ್ಕೇ ಅಲ್ಲಿ ಹೂವಿನ ತರಗತಿ. ಆಂತ್ವಾನ್ ಬೆರ್ಜೋಂ ಅಲ್ಲಿ ಮೇಷ್ಟ್ರಾಗಿದ್ದರು. ಸಿಮೋಂ ಸೇಂ-ಜಾಂ (1808–1860) ಅದೇ ಪರಂಪರೆಯವರು. ಊರಿನ ಕಲಾ ಮ್ಯೂಸಿಯಂನಲ್ಲಿ ಇಬ್ಬರ ಚಿತ್ರಗಳೂ ಇವೆ. ನಿಮ್ಮ ಚಿತ್ರದ ಫೋಟೋ ಹಿಡಿದು ಹೋಗಿ.

ಹೂಬುಟ್ಟಿ:
ಸದ್ಯ, ಆಲೂಗಡ್ಡೆ ಪಲ್ಯಕ್ಕೇ ಇರಲಿ! ಬಿಲ್ಲಿನಲ್ಲಿ 'ಶೈಲಿ' ಅಂತ ಇದೆಯಲ್ಲ, ಅದು ಫಾಂತಾಂ ಅಲ್ಲ ಅಂತಾದರೆ ದುಡ್ಡು ವಾಪಸ್ ಕೇಳಬಹುದಾ?

ಹತ್ತಿಕಡ್ಡಿ:
ಆಗೋದಿಲ್ಲ. ಕಲಾಕೃತಿ ಮಾರುವಾಗ ಬಳಸುವ ಮಾತುಗಳಿಗೆ ಅಲ್ಲಿ 1981ರ ಸರ್ಕಾರಿ ಆದೇಶವೇ ಇದೆ. 'ಇಂಥವರ ಶೈಲಿ', 'ಇಂಥವರ ರೀತಿ' ಅಂತ ಬಿಲ್ಲಿನಲ್ಲಿ ಹಾಕಿದರೆ ಚಿತ್ರ ಬರೆದವರು ಯಾರು, ಯಾವ ಕಾಲದ್ದು ಅನ್ನೋದಕ್ಕೆ ಯಾವ ಖಾತ್ರಿಯೂ ಇಲ್ಲ. ಮಾರಿದವರು ಆ ಪದವನ್ನು ಸುಮ್ಮನೆ ಆರಿಸಿಲ್ಲ. ಅಷ್ಟಿದ್ದೂ, ಇಬ್ಬನಿ ಹನಿ ಚೆನ್ನಾಗಿದ್ದರೆ ನಾನಾಗಿದ್ದರೆ ವಾಪಸ್ ಕೊಡುತ್ತಿರಲಿಲ್ಲ. ಹಿಂಬದಿಯ ಫೋಟೋ ಹಾಕಿ, ಮೊಳೆಗಳೂ ಕಾಣಬೇಕು.