ಜೆಸಿಬಿ ಬರುವ ಮುಂಚೆ ಒಂದು ಮಾತು

ನಮ್ಮ ಮನೆಯವರ ವಾಟ್ಸಾಪ್ ಗುಂಪು. ಕೊಪ್ಪಳದ ಹಳೇ ಮನೆ ಕೆಡವಿ ಹೊಸದು ಕಟ್ಟುವ ಮಾತು ನಡೆದಿದೆ.

ತಂಗಿ: (ವಿಡಿಯೊ) ಎಲ್ಲರೂ ನೋಡಿ. ನೆದರ್‌ಲ್ಯಾಂಡ್ಸ್‌ನ ಟ್ರಯೋಡಾಸ್ ಬ್ಯಾಂಕಿನ ಕಚೇರಿ, 2019ರಲ್ಲಿ ಕಟ್ಟಿದ್ದು. ಮರದ ಕಟ್ಟಡ, 1,65,312 ಸ್ಕ್ರೂ ಹಾಕಿ ಜೋಡಿಸಿದ್ದಾರೆ. ಬೇಡ ಅನಿಸಿದಾಗ ಬಿಚ್ಚಿ ಬೇರೆ ಕಡೆ ಕಟ್ಟಬಹುದು. ನಮ್ಮ ಮನೆಗೂ ಇಂಥದ್ದೇನಾದರೂ ಆಗುತ್ತದಾ ಕಾಕಾ?

ಕಾಕಾ: ನೋಡಿದೆ ತಂಗಿ. ಚೆನ್ನಾಗಿದೆ. ಆದರೆ ಅದು ಅವರ ಊರು, ಅವರ ಹವಾ. ನಮ್ಮ ಬಿಸಿಲು, ಗೆದ್ದಲು ಬೇರೆ. ಭಾನುವಾರ ಜೆಸಿಬಿ ಬರುತ್ತದೆ. ಕಂಟ್ರಾಕ್ಟರ್ ಕೆಡವಲು ಒಂದು ರೂಪಾಯಿ ಕೇಳಿಲ್ಲ. ಹಳೇ ಸಾಮಾನೆಲ್ಲಾ ಅವನೇ ಸಾಗಿಸುತ್ತಾನೆ.

ನಾನು: ಕಾಕಾ, ಪುಕ್ಕಟೆ ಕೆಡವುತ್ತೇನೆ ಎಂದರೆ ಅವನ ಲೆಕ್ಕ ಬೇರೆ ಇದೆ. ಸಾಗವಾನಿ ಕಂಬ, ತೊಲೆ, ಬಾಗಿಲ ಚೌಕಟ್ಟು, ಪಡಸಾಲೆಯ ಶಾಬಾದಿ ಬಂಡೆ ಎಲ್ಲಾ ಅವನಿಗೆ ಹೋಗುತ್ತದೆ. ಮಾರಿದರೂ ಯಾರಿಗೋ ಉಪಯೋಗ ಆಗುತ್ತದೆ, ಅದು ಸರಿ. ಆದರೆ ಜೆಸಿಬಿ ಹಲ್ಲು ತಾಗಿದರೆ ಜಂತಿ ಮುರಿಯುತ್ತದೆ, ಬಂಡೆ ಒಡೆಯುತ್ತದೆ. ಉಳಿದಿದ್ದು ಟ್ರ್ಯಾಕ್ಟರ್‌ನಲ್ಲಿ ಯಾವುದೋ ಹಳ್ಳಕ್ಕೆ ಹೋಗುತ್ತದೆ. ನನಗೆ ಸಂಕಟ ಆಗುವುದು ಅದಕ್ಕೆ.

ಆ ಬ್ಯಾಂಕ್ ಕಟ್ಟಡದಲ್ಲಿ ದೊಡ್ಡ ವಿಷಯ ಮರ ಅಲ್ಲ, ಬಿಚ್ಚಲು ಬರುವ ಹಾಗೆ ಜೋಡಿಸಿರುವುದು. ನಮ್ಮ ಮುತ್ತಜ್ಜ ಮಾಡಿಸಿದ್ದೂ ಅದೇ ಅಲ್ವಾ? ಕಂಬದ ಮೇಲೆ ಬೋದಿಗೆ, ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಜಂತಿ, ಅದರ ಮೇಲೆ ಹಲಗೆ, ಮಣ್ಣು. ಕಲ್ಲಿನ ಗೋಡೆಗೂ ಮಣ್ಣಿನ ಗಾರೆಯೇ. ಮೇಲಿಂದ ಒಂದೊಂದೇ ಇಳಿಸಿದರೆ ಹೆಚ್ಚಿನದು ಇಡಿಯಾಗಿ ಸಿಗುತ್ತದೆ. ಈಗಿನ ಗೋಡೆಯಲ್ಲಿ ಸಿಮೆಂಟ್ ಗಾರೆ ಇಟ್ಟಿಗೆಯನ್ನು ಬಿಡುವುದೇ ಇಲ್ಲ. ಕೆಡವಲು ಹೋದರೆ ಗಾರೆಗಿಂತ ಮೊದಲು ಇಟ್ಟಿಗೆ ಒಡೆಯುತ್ತದೆ.

ಅತ್ತೆ: ಆ ಕಂಬ ಮಾರಬೇಡಿ. ಅಷ್ಟೇ ನಾನು ಹೇಳುವುದು.

ಮಾವ: ಅಳಿಯ, ನಿನ್ನ ಮಾತು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ನಮ್ಮದು 30x40 ಸೈಟು. ಎರಡು ಅಡಿ ದಪ್ಪದ ಕಲ್ಲು ಗೋಡೆ ಕಟ್ಟಿದರೆ ಕೋಣೆಗೆ ಜಾಗ ಎಲ್ಲಿ? ಕೆಳಗೆ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲೆ ಇನ್ನೊಂದು ಮಹಡಿ ಬೇಕು ಅಂತ ಎಲ್ಲರೂ ಕೇಳಿದ್ದೀರಿ. ಕಾಲಂ, ಬೀಮ್ ಇಲ್ಲದೆ ನಾನು ಮನೆಯ ನಕ್ಷೆಗೆ ಸಹಿ ಹಾಕುವುದಿಲ್ಲ. ಮನೆ ಬಿಚ್ಚಲು ಬರಬೇಕು ಎನ್ನುವುದಕ್ಕಿಂತ ಮೊದಲು ಅದು ನಿಲ್ಲಬೇಕು.

ನಾನು: ಮಾವ, ಕಾಲಂ ಬೇಡ ಅಂದಿಲ್ಲ. ಎರೆ ತೆಗೆದು ಗಟ್ಟಿ ನೆಲ ಸಿಗುವವರೆಗೆ ಪಾಯ ಹೋಗಲಿ. ಕಬ್ಬಿಣದ ಸರಳಿನ ಚಿಂತೆಯೂ ನನಗಿಲ್ಲ. ನಾಳೆ ಕೆಡವಿದರೂ ಅದು ಗುಜರಿಗೆ ಹೋಗಿ, ಕರಗಿ ಮತ್ತೆ ಉಕ್ಕಾಗುತ್ತದೆ. ಸಿಮೆಂಟ್ ಹಾಗಲ್ಲ. ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಕಾಯಿಸಬೇಕು. ಉರಿಸಿದ ಕಲ್ಲಿದ್ದಲಿನ ಹೊಗೆ ಒಂದು ಕಡೆ, ಕಲ್ಲಿನಿಂದಲೇ ಹೊರಡುವ ಕಾರ್ಬನ್ ಡೈಆಕ್ಸೈಡ್ ಇನ್ನೊಂದು ಕಡೆ. ಒಮ್ಮೆ ಕಾಂಕ್ರೀಟ್ ಆಯಿತೆಂದರೆ ಒಡೆದು ಜಲ್ಲಿ ಮಾಡಬಹುದು, ಅಷ್ಟೇ.

ಮಾವ: ಆ ಜಲ್ಲಿಗೂ ಮಿತಿ ಇದೆ. ಜಲ್ಲಿ, ಮರಳಿಗೆ ಇರುವ ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿ ನೋಡು. ಸರಳು ಹಾಕಿದ ಕಾಂಕ್ರೀಟ್‌ಗೆ ಹಳೇ ಕಾಂಕ್ರೀಟಿನ ಜಲ್ಲಿ ಶೇ 20ರವರೆಗೆ ಮಾತ್ರ, ಅದೂ ಎಂ25 ದರ್ಜೆಯ ಬಲದ ಕಾಂಕ್ರೀಟ್‌ವರೆಗೆ.

ನಾನು: ಅದಕ್ಕೇ ಸಿಮೆಂಟ್ ಎಲ್ಲಿ ಬೇಕೋ ಅಲ್ಲಿ ಮಾತ್ರ ಇರಲಿ. ಕಾಲಂ, ಸ್ಲ್ಯಾಬ್‌ಗೆ ಸ್ಲ್ಯಾಗ್ ಸಿಮೆಂಟ್ ತರೋಣ. ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸುವ ಊದುಕುಲುಮೆಯ ಕಿಟ್ಟ ಅದರಲ್ಲಿ ಸೇರಿರುತ್ತದೆ, ತೋರಣಗಲ್ಲಿನಂಥ ಜಾಗದಲ್ಲಿ ಬರುವ ಕಿಟ್ಟ. ಗೋಡೆಗೆ ಹಾರುಬೂದಿ ಇಟ್ಟಿಗೆ. ಶಕ್ತಿನಗರ, ಕುಡಿತಿನಿ ಎರಡೂ ಕಡೆ ಕರೆಂಟ್ ತಯಾರಿಸಲು ಕಲ್ಲಿದ್ದಲು ಉರಿಸುತ್ತಾರೆ, ಆ ಬೂದಿಯಿಂದಲೇ ಈ ಇಟ್ಟಿಗೆ. ನಮ್ಮ ಸುತ್ತಲೇ ಬೂದಿ ಇರುವಾಗ ಹೊಲದ ಮೇಲ್ಮಣ್ಣು ತೆಗೆದು ಸುಟ್ಟ ಇಟ್ಟಿಗೆ ಯಾಕೆ? ಕಾಲಂ ನಡುವಿನ ಗೋಡೆ ಭಾರ ಹೊರುವುದಿಲ್ಲ. ಅಲ್ಲಿ ಬರೀ ಸಿಮೆಂಟ್ ಗಾರೆ ಬೇಡ, ಸುಣ್ಣ ಬೆರೆಸೋಣ. ಮುಂದೆ ನಮ್ಮ ಮೊಮ್ಮಕ್ಕಳು ಗೋಡೆ ತೆಗೆದರೆ ಇಟ್ಟಿಗೆ ಬಿಡಿಸಿ ಉಜ್ಜಿ ಮತ್ತೆ ಕಟ್ಟಬಹುದು.

ಮಾವ: ಸಿಮೆಂಟ್ 1, ಸುಣ್ಣ 2, ಮರಳು 9. ಒಳಗಿನ ಗೋಡೆಗೆ ಆಗುತ್ತದೆ. ಆದರೆ ನಿಧಾನವಾಗಿ ಗಟ್ಟಿಯಾಗುತ್ತದೆ, ಈ ಬಿಸಿಲಲ್ಲಿ ನೀರು ಹೊಡೆಯುವುದನ್ನು ತಪ್ಪಿಸುವ ಹಾಗಿಲ್ಲ. ಗೌಂಡಿ ಅವಸರ ಮಾಡಿದರೆ ಕೆಟ್ಟಿತು. ಹೊರಗಿನ ಗೋಡೆ ನನಗೆ ಬಿಡು.

ತಂಗಿ: ಪೈಪು, ವೈರು ಗೋಡೆಯೊಳಗೆ ಹೂಳಬೇಡಿ. ಪ್ರತಿ ರಿಪೇರಿಗೂ ಗೋಡೆ ಒಡೆಯಬೇಕಾಗುತ್ತದೆ.

ಕಾಕಾ: ಎಲ್ಲಾ ಸರಿ. ಕೈಯಿಂದ ಬಿಚ್ಚುವ ಕೂಲಿ ಯಾರು ಕೊಡುತ್ತಾರೆ? ಬಾಡಿಗೆ ಮನೆಯಲ್ಲಿ ಇರುವವರು ನಾವು. ದಿನ ಜಾಸ್ತಿ ಆದಷ್ಟೂ ಬಾಡಿಗೆ ಜಾಸ್ತಿ. ನೀವು ಫೋನಿನಲ್ಲಿ ಹೇಳುತ್ತೀರಿ, ನಿಂತು ಮಾಡಿಸುವವನು ನಾನು.

ನಾನು: ನಿಮ್ಮ ಕಷ್ಟ ನಿಜ ಕಾಕಾ. ಕೂಲಿಯಲ್ಲಿ ನನ್ನ ಪಾಲು ನಾನು ಕಳಿಸುತ್ತೇನೆ. ಆದರೆ ಲೆಕ್ಕಕ್ಕೆ ಇನ್ನೊಂದು ಬದಿಯೂ ಇದೆ. ತೊಲೆ ಕೊಯ್ಸಿದರೆ ಹೊಸ ಬಾಗಿಲು, ಕಿಟಕಿಯ ಚೌಕಟ್ಟು ಬರುತ್ತದೆ. ಬಂಡೆ ಮೆಟ್ಟಿಲಿಗೆ, ಅಡುಗೆ ಕಟ್ಟೆಗೆ. ಗೋಡೆ ಕಲ್ಲು ಕಾಂಪೌಂಡಿಗೆ. ಇಷ್ಟನ್ನು ಹೊಸದಾಗಿ ತಂದರೆ ಎಷ್ಟಾಗುತ್ತದೆ ಅಂತ ಒಮ್ಮೆ ಕೇಳಿ ನೋಡಿ.

ಕಾಕಾ: ಕಂಟ್ರಾಕ್ಟರ್‌ಗೆ ಫೋನ್ ಮಾಡಿದೆ. ಸಾಮಾನು ನಾವೇ ಇಟ್ಟುಕೊಂಡರೆ ಕೆಡವಲು ದುಡ್ಡು ಬೇಕಂತೆ. ಹಾಗಾದರೆ ಆ ಸಾಮಾನಿಗೆ ಬೆಲೆ ಇದೆ ಅಂತಾಯಿತು. ಭಾನುವಾರ ಜೆಸಿಬಿ ಬೇಡ ಎಂದೆ. ಗಾರೆಯ ವಿಷಯಕ್ಕೆ ಇನ್ನೂ ಹೂಂ ಅಂದಿಲ್ಲ, ನಮ್ಮ ಗೌಂಡಿಯನ್ನು ಕೇಳುತ್ತೇನೆ.

ನಾನು: ಶನಿವಾರ ಬರುತ್ತೇನೆ ಕಾಕಾ. ಟೇಪು ತರುತ್ತೇನೆ. ತೊಲೆ, ಜಂತಿ ಒಂದೊಂದಕ್ಕೂ ನಂಬರ್ ಬರೆದು ಅಳತೆ ತೆಗೆಯೋಣ. ಮಾವ, ಆ ಅಳತೆ ನೋಡಿ ಆಮೇಲೆ ಕಿಟಕಿಯ ಸೈಜು ಹಾಕಿ.