ಅತ್ತೆ ಹಾಕಿದ ಹಿಪ್ನೋಥೆರಪಿ ಪೋಸ್ಟರ್

ಗುಂಪು: ಹಳೇಮನೆ ಬಳಗ

ಗಿರಿಜತ್ತೆ: (ಫಾರ್ವರ್ಡ್) ಭಯ, ಹೊಟ್ಟೆನೋವು, ಪರೀಕ್ಷೆ ಟೆನ್ಷನ್, ಎಲ್ಲಕ್ಕೂ ಹಿಪ್ನೋಥೆರಪಿ! ಪೂರ್ವಜನ್ಮದ ಕಾರಣ ತಿಳಿಯಿರಿ. ಒಂದೇ ಸೆಷನ್‌ನಲ್ಲಿ ಶಾಶ್ವತ ಪರಿಹಾರ.

ಗಿರಿಜತ್ತೆ: ಅನುಗೆ ಈ ಭಾನುವಾರಕ್ಕೆ ಹೆಸರು ಬರೆಸಿದೀನಿ. ಪರೀಕ್ಷೆ ಅಂದ್ರೆ ಸಾಕು ಬೆಳಗ್ಗೆ ನಾಕು ಸಲ ಬಾತ್ರೂಮಿಗೆ ಓಡ್ತಾಳೆ, ತಿಂಡಿ ಮುಟ್ಟಲ್ಲ

ಅನು: ಅಮ್ಮಾ ಇದನ್ನೆಲ್ಲ ಗುಂಪಲ್ಲಿ ಹಾಕ್ಬೇಕಿತ್ತಾ

ಕಿರಣ್: ಅತ್ತೆ ದಯವಿಟ್ಟು ಕ್ಯಾನ್ಸಲ್ ಮಾಡಿ. ಹಿಪ್ನೋಟಿಸಂ ಎಲ್ಲ ಸ್ಟೇಜ್ ಮೇಲೆ ತೋರ್ಸೋ ಆಟ, ದುಡ್ಡು ದಂಡ

ರವಿ ಚಿಕ್ಕಪ್ಪ: ಹಂಗೆ ಒಂದೇ ಏಟಿಗೆ ತಳ್ಳಿ ಹಾಕ್ಬೇಡ ಕಿರಣ. ನಾನು ಇತಿಹಾಸ ಪಾಠ ಮಾಡಿದೋನು. ಕಲ್ಕತ್ತಾ ಹತ್ರ ಹೂಗ್ಲಿಲಿ ಎಸ್ಡೇಲ್ ಅಂತ ಸ್ಕಾಟ್ಲೆಂಡಿನ ಸರ್ಜನ್ ಇದ್ದ, 1845ರಲ್ಲಿ ಬರೀ ಮೆಸ್ಮರಿಸಂ, ಅಂದ್ರೆ ಹಿಪ್ನಾಸಿಸ್‌ನ ಹಳೇ ರೂಪ, ಮಾಡ್ಸಿ ರೋಗಿಗಳಿಗೆ ಆಪರೇಷನ್ ಮಾಡ್ದ

ಕಿರಣ್: ಚಿಕ್ಕಪ್ಪ, 1847ರಲ್ಲಿ ಪ್ರಜ್ಞೆ ತಪ್ಸೋ ಕ್ಲೋರೋಫಾರ್ಮ್ ಬಂತಲ್ಲ, ಆಮೇಲೆ ಅದನ್ನ ಯಾರು ಕೇಳಿದ್ರು ಹೇಳಿ

ಸುಮಾ: ಕಿರಣ ನೀನಿರೋ ಮ್ಯಾಂಚೆಸ್ಟರಲ್ಲೇ ಕೇಳಿದ್ರು ಕಣೋ. ವೋರ್ವೆಲ್ ಅನ್ನೋ ಡಾಕ್ಟರು ಐಬಿಎಸ್‌ನಿಂದ, ಅಂದ್ರೆ ಪದೇ ಪದೇ ಹೊಟ್ಟೆನೋವು, ಭೇದಿ ಇಲ್ಲಾ ಮಲಬದ್ಧತೆ ಬರೋ ಕರುಳಿನ ತೊಂದರೆಯಿಂದ, ತುಂಬ ಒದ್ದಾಡ್ತಿದ್ದ 30 ಜನರ ಮೇಲೆ ನೋಡಿ 1984ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಗೆ ಬರೆದ್ರು, ಹಿಪ್ನೋಥೆರಪಿ ಸಿಕ್ಕಿದ ಗುಂಪಿಗೆ ಮೂರು ತಿಂಗಳಲ್ಲಿ ಅರ್ಧರ್ಧ ಗಂಟೆಯ 7 ಸೆಷನ್ನು, ಇನ್ನೊಂದು ಗುಂಪಿಗಿಂತ ಅವರಿಗೇ ಚೆನ್ನಾಗಿ ಕಮ್ಮಿ ಆಯ್ತು. ಇವತ್ತಿಗೂ ಅಲ್ಲಿನ ನೈಸ್ ಅನ್ನೋ ಸರ್ಕಾರಿ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಲಿ 12 ತಿಂಗಳು ಔಷಧಿ ತಗೊಂಡೂ ಐಬಿಎಸ್ ಕಮ್ಮಿ ಆಗದೋರಿಗೆ ಇದನ್ನ ಯೋಚನೆ ಮಾಡಿ ಅಂತಿದೆ

ಗಿರಿಜತ್ತೆ: ನೋಡಿದ್ಯಾ! ಸುಮಾನೇ ಹೇಳ್ತಿದಾಳೆ

ಸುಮಾ: ಅತ್ತೆ ಪೂರ್ತಿ ಕೇಳಿ. ಯಾರಿಗೂ ಹೇಳಿರ್ಲಿಲ್ಲ, ನಾನೇ ಹೊಟ್ಟೆಗೋಸ್ಕರ ಎಂಟು ಸೆಷನ್ ಹೋಗಿದೀನಿ. ಮೊದಲನೇ ದಿನ ಹಿಪ್ನಾಸಿಸ್ಸೇ ಇಲ್ಲ, ಒಂದು ಗಂಟೆ ಬರೀ ಪ್ರಶ್ನೆ, ಏನು ತಿಂತೀರ, ಯಾವಾಗ ಜಾಸ್ತಿ ಆಗತ್ತೆ, ನಿದ್ದೆ ಹೆಂಗೆ, ಡಾಕ್ಟರ್ ಹತ್ರ ಟೆಸ್ಟ್ ಮಾಡ್ಸಿದೀರಾ, ಹಿಂದೆ ಮನಸ್ಸಿಗೆ ಸಂಬಂಧಪಟ್ಟ ಕಾಯಿಲೆ ಏನಾದ್ರೂ ಇತ್ತಾ ಅಂತ. ಎರಡನೇ ಸಲ ಕುರ್ಚಿಲಿ ಒರಗಿಸಿ ಉಸಿರು ಗಮನಿಸಿ ಅಂದ್ರು, ಮೆಟ್ಟಲು ಇಳೀತಾ ಇದೀನಿ ಅಂದ್ಕೊಳ್ಳಕ್ಕೆ ಹೇಳಿದ್ರು, ಆಮೇಲೆ ಹೊಟ್ಟೆ ಮೇಲೆ ಕೈ ಇಟ್ಕೊಂಡು ಅಲ್ಲಿ ಬೆಚ್ಚಗಾಗ್ತಿದೆ, ಹೊಳೆ ನಿಧಾನಕ್ಕೆ ಹರೀತಿದೆ ಅಂತ. ನಿದ್ದೆ ಬರಲ್ಲ ಅತ್ತೆ! ಹೊರಗೆ ಆಟೋ ಹಾರ್ನೂ ಕೇಳ್ಸತ್ತೆ, ಬೇಕಂದ್ರೆ ಕಣ್ಣು ಬಿಟ್ಟು ಎದ್ದು ಬರಬಹುದು. ಮೊದಲೆರಡು ಸಲ ನಂಗೆ ಏನೂ ಅನ್ನಿಸ್ಲೇ ಇಲ್ಲ, ಬೇಜಾರಾಗಿ ಬಿಟ್ಬಿಡೋಣ ಅಂದ್ಕೊಂಡಿದ್ದೆ, ರೆಕಾರ್ಡಿಂಗ್ ಕೊಟ್ಟಿದ್ರು, ದಿನಾ ರಾತ್ರಿ ಮನೇಲಿ ಕೇಳ್ಬೇಕು, ಐದನೇ ವಾರದ ಹೊತ್ತಿಗೆ ಬಸ್ಸಲ್ಲಿ ಹೋಗೋಕೆ ಧೈರ್ಯ ಬಂತು. ಪೂರ್ತಿ ಹೋಗಿಲ್ಲ, ಮುಂಚಿನ ಅರ್ಧಕ್ಕೆ ಇಳಿದಿದೆ

ರವಿ ಚಿಕ್ಕಪ್ಪ: ಎರಡು ವರ್ಷ ಮದುವೆ ಮನೆಗಳಿಗೆ ಬರದೇ ಇದ್ದಿದ್ದು ಇದಕ್ಕೇನಾ ಮಗಾ

ಸುಮಾ: ಹೂಂ ಚಿಕ್ಕಪ್ಪ

ಗಿರಿಜತ್ತೆ: ಅಯ್ಯೋ ಹೇಳಬಾರದಿತ್ತಾ. ಆದ್ರೆ ಸುಮಾ, ನಿಂಗೆ ಎಂಟು ಬೇಕಾಯ್ತು, ಇವರು ಒಂದರಲ್ಲೇ ಮೂಲ ಕಾರಣ ಹಿಡೀತಾರಂತೆ. ಪೂರ್ವಜನ್ಮಕ್ಕೆ ಕರ್ಕೊಂಡೋಗಿ ನೋಡ್ತಾರೆ

ಸುಮಾ: ನಂಗೆ ಹೆದರಿಕೆ ಆಗ್ತಿರೋದೇ ಅದಕ್ಕೆ. ಆ ಸ್ಥಿತಿಲಿ ಮನಸ್ಸು ಹೇಳಿದ್ದನ್ನ ಬೇಗ ಒಪ್ಪತ್ತೆ. ನೀನು ನೀರಲ್ಲಿ ಮುಳುಗಿ ಸತ್ತಿದ್ದೆ ಅಂತ ಸುಳಿವು ಸಿಕ್ಕರೆ 17 ವರ್ಷದ ಹುಡುಗಿ ಅದನ್ನ ಕಣ್ಣಾರೆ ಕಂಡಂಗೆ ಹೇಳ್ತಾಳೆ, ಆಮೇಲೆ ಅದನ್ನ ಅವಳ ತಲೆಯಿಂದ ತೆಗೆಯೋರು ಯಾರು

ಕಿರಣ್: ಹೌದು ಅಕ್ಕ. ಎಲಿಜಬೆತ್ ಲಾಫ್ಟಸ್ ಅನ್ನೋ ಮನೋವಿಜ್ಞಾನಿ 1995ರಲ್ಲಿ 24 ಜನರಿಗೆ ಚಿಕ್ಕಂದಿನಲ್ಲಿ ನೀವು ಮಾಲಲ್ಲಿ ಕಳೆದುಹೋಗಿದ್ರಿ ಅಂತ ನಡೀದೇ ಇರೋ ಕಥೆ ಕೊಟ್ಟಿದ್ದಕ್ಕೆ ಸುಮಾರು ಕಾಲು ಭಾಗ ಜನ ಸ್ವಲ್ಪನಾದ್ರೂ ನೆನಪಾಗತ್ತೆ ಅಂದ್ರು, ಅದೂ ಹಿಪ್ನಾಸಿಸ್ ಇಲ್ದೇನೇ. ಐಬಿಎಸ್ ವಿಷಯ ನಂಗೆ ಗೊತ್ತಿರ್ಲಿಲ್ಲ, ಎಲ್ಲಾ ಆಟ ಅಂದಿದ್ದು ತಪ್ಪಾಯ್ತು

ಗಿರಿಜತ್ತೆ: ಪೂರ್ವಜನ್ಮನೇ ಸುಳ್ಳು ಅಂತೀರಾ ಹಂಗಾದ್ರೆ? ನಮ್ಮ ಹಿರಿಯರು ನಂಬಿದ್ದು?

ಸುಮಾ: ನಂಬಿಕೆ ವಿಷಯ ನಾನು ಮಾತಾಡ್ತಿಲ್ಲ ಅತ್ತೆ. ಅದನ್ನ ಅನು ಹೊಟ್ಟೆಗೆ ಔಷಧಿ ಅಂತ ಮಾರ್ತಿದಾರಲ್ಲ ಅದು ತಪ್ಪು. ಫೋನ್ ಮಾಡಿ ಎರಡೇ ಮಾತು ಕೇಳಿ, ನೀವು ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಇರೋ ಕ್ಲಿನಿಕಲ್ ಸೈಕಾಲಜಿಸ್ಟಾ ಇಲ್ಲಾ ಸೈಕಿಯಾಟ್ರಿಸ್ಟಾ, ಒಂದು ಸೆಷನ್‌ನಲ್ಲಿ ಗುಣ ಆಗತ್ತೆ ಅಂತ ಬರೆದುಕೊಡ್ತೀರಾ. ಅದಕ್ಕೂ ಮುಂಚೆ ಅವಳನ್ನ ಹೊಟ್ಟೆ ಡಾಕ್ಟರಿಗೆ ತೋರಿಸಿ, ತೂಕ ಇಳಿದಿದ್ಯಾ, ರಕ್ತ ಹೋಗ್ತಿದ್ಯಾ ನೋಡ್ಲಿ

ಅನು: ತೂಕ ಮೂರು ಕೆಜಿ ಇಳಿದಿದೆ

ಗಿರಿಜತ್ತೆ: ಏನೇ ಇದು? ನಂಗ್ಯಾಕೆ ಹೇಳ್ಲಿಲ್ಲ

ಅನು: ಸುಮಕ್ಕ ಆ ಸೆಷನ್‌ನಲ್ಲಿ ಅಮ್ಮ ಒಳಗೆ ಕೂತಿರ್ತಾರಾ

ಸುಮಾ: ಅದನ್ನ ನೀನು ಅವರಿಗೇ ಹೇಳ್ಬಹುದು ಪುಟ್ಟಿ, ಅಮ್ಮ ಇರಲಿ ಅಥವಾ ಹೊರಗಿರಲಿ ಅಂತ. ನಿಂಗೆ ಇಷ್ಟ ಇಲ್ದಿದ್ರೆ ಮಾಡ್ಲೇಬಾರ್ದು. ಪರೀಕ್ಷೆ ಭಯ ರಾತ್ರಿ ಜಾಸ್ತಿ ಆದ್ರೆ 14416 ಟೆಲಿಮಾನಸ್‌ಗೆ ಫೋನ್ ಮಾಡು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ

ಗಿರಿಜತ್ತೆ: ಎರಡು ಸಾವಿರ ಅಡ್ವಾನ್ಸ್ ಕೊಟ್ಟಿದ್ದೆ

ರವಿ ಚಿಕ್ಕಪ್ಪ: ಹೋಗ್ಲಿ ಬಿಡು ಗಿರಿಜಕ್ಕ. ಸೋಮವಾರ ನಾನೇ ಕಾರ್ ತರ್ತೀನಿ, ಮೊದಲು ಡಾಕ್ಟರ್ ಹತ್ರ ಹೋಗೋಣ

ಗಿರಿಜತ್ತೆ: ಪೂರ್ವಜನ್ಮ ಸುಳ್ಳು ಅಂದ್ರೆ ನಾನು ಒಪ್ಪಲ್ಲ. ಸೋಮವಾರ ಒಂಬತ್ತಕ್ಕೆ ಬಾ. ಸುಮಾ ನೀನೂ ಬರ್ತೀಯಾ? ಅವಳು ನಿನ್ನ ಹತ್ರ ಮಾತಾಡ್ತಾಳೆ